ಲಾರಿಯ ರಕ್ತಪರೀಕ್ಷೆ: ಕಬ್ಬಿಣ ಹೆಚ್ಚಿದ್ದರೆ ಎಂಜಿನ್ ಬಿಚ್ಚಬೇಕೇ?

ಪ್ರಶ್ನೆ: ನಮ್ಮ ಹತ್ತು ಚಕ್ರದ ಡೀಸೆಲ್ ಲಾರಿ ಸಂಡೂರು ಕಡೆ ಅದಿರು ಹೊರುತ್ತದೆ. 18,000 ಕಿ.ಮೀ. ಓಡಿದ 15ಡಬ್ಲ್ಯು-40 ಆಯಿಲನ್ನು ಲ್ಯಾಬಿಗೆ ಕಳಿಸಿದ್ದೆವು. ಕಬ್ಬಿಣ 96, ಸಿಲಿಕಾನ್ 38, ಅಲ್ಯೂಮಿನಿಯಂ 12, ತಾಮ್ರ 9, ಸೀಸ 4, ಸೋಡಿಯಂ 5 ಪಿಪಿಎಂ ಅಂತ ವರದಿ ಬಂದಿದೆ. ಸ್ನಿಗ್ಧತೆ 14.1, ಟಿಬಿಎನ್ 5.2, ನೀರಿಲ್ಲ. ಕಬ್ಬಿಣಕ್ಕೂ ಸಿಲಿಕಾನ್‌ಗೂ ಕೆಂಪು ಗುರುತು ಹಾಕಿದ್ದಾರೆ. ಎಂಜಿನ್ ಬಿಚ್ಚಲೇಬೇಕು ಅಂತಾರೆ ಮೆಕ್ಯಾನಿಕ್. ಏನು ಮಾಡೋಣ ಡಾಕ್ಟರೇ?
— ಲಾರಿ ಮಾಲೀಕರು, ಸಂಡೂರು

ಉತ್ತರ: ಸದ್ಯಕ್ಕೆ ಬಿಚ್ಚುವುದು ಬೇಡ.

96 ಪಿಪಿಎಂ ಎಂದರೆ ಹತ್ತು ಲಕ್ಷ ಪಾಲು ಆಯಿಲ್‌ನಲ್ಲಿ 96 ಪಾಲು ಕಬ್ಬಿಣ. ಎಂಜಿನ್‌ನಲ್ಲಿ 15 ಕೆ.ಜಿ. ಆಯಿಲ್ ಇದ್ದರೆ ಒಟ್ಟು ಕಬ್ಬಿಣ ಒಂದೂವರೆ ಗ್ರಾಂ ಕೂಡ ಆಗದು. ಹಾಗೆಂದು ಕಡೆಗಣಿಸುವ ಅಂಕಿಯೂ ಅಲ್ಲ. ಆದರೆ ಈ ವರದಿಯಲ್ಲಿ ಕಬ್ಬಿಣಕ್ಕಿಂತ ಮೊದಲು ನೋಡಬೇಕಾದ್ದು ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಜೋಡಿಯನ್ನು. ಮಣ್ಣಿನಲ್ಲಿ ಇವೆರಡೂ ಜೊತೆಯಾಗಿಯೇ ಇರುತ್ತವೆ. ಇಲ್ಲಿ ಒಂದಕ್ಕೆ ಮೂರರಂತೆ ಒಟ್ಟಿಗೆ ಏರಿರುವುದು ಎಂಜಿನ್ ಧೂಳು ಕುಡಿಯುತ್ತಿದೆ ಎಂಬುದರ ಲಕ್ಷಣ. ಆ ಧೂಳು ಲೈನರ್ ಮತ್ತು ಪಿಸ್ಟನ್ ರಿಂಗುಗಳನ್ನು ಉಜ್ಜಿದಾಗ ಕಬ್ಬಿಣ ಹೆಚ್ಚುತ್ತದೆ. ಸಂಡೂರಿನಲ್ಲಿ ಇನ್ನೊಂದು ಮಾತೂ ಇದೆ: ಅಲ್ಲಿನ ಕೆಂಪು ಧೂಳೇ ಕಬ್ಬಿಣದ ಅದಿರು. ಹಾಗಾಗಿ 96ರಲ್ಲಿ ಒಂದಿಷ್ಟು ಪಾಲು ಸವೆತದ್ದಲ್ಲದೆ ನೇರವಾಗಿ ಗಾಳಿಯಿಂದ ಬಂದದ್ದೂ ಇರಬಹುದು.

ಅಲ್ಯೂಮಿನಿಯಂ ಏರದೆ ಸಿಲಿಕಾನ್ ಒಂದೇ ಹೆಚ್ಚಿದ್ದರೆ, ಇತ್ತೀಚೆಗೆ ಗ್ಯಾಸ್ಕೆಟ್‌ಗೆ ಹಚ್ಚಿದ ಸಿಲಿಕೋನ್ ಅಂಟಿನ ಮೇಲೆ ಅನುಮಾನ ಪಡಬಹುದಿತ್ತು.

ಉಳಿದ ಅಂಕಿಗಳು ಸಮಾಧಾನ ಕೊಡುತ್ತವೆ. ತಾಮ್ರ, ಸೀಸ ಕಡಿಮೆ ಇರುವುದರಿಂದ ಬೇರಿಂಗ್ ಸವೆದ ಸೂಚನೆ ಇಲ್ಲ. ಸೋಡಿಯಂ ತಗ್ಗಿದೆ, ನೀರೂ ಇಲ್ಲ. ಕೂಲಂಟ್ ಸೋರಿಲ್ಲ ಎನ್ನಲು ಇದು ಒಳ್ಳೆಯ ಸುಳಿವು. 100 ಡಿಗ್ರಿಯಲ್ಲಿ 40 ದರ್ಜೆಯ ಆಯಿಲ್‌ನ ಸ್ನಿಗ್ಧತೆ 12.5ರಿಂದ 16.3ರ ಒಳಗಿರಬೇಕು. 14.1 ಇದ್ದರೆ ಡೀಸೆಲ್ ಬೆರೆತು ತೆಳುವಾಗಿಲ್ಲ, ಮಸಿ ಕೂಡಿ ಗಟ್ಟಿಯೂ ಆಗಿಲ್ಲ. ಆಮ್ಲವನ್ನು ತಡೆಯುವ ಶಕ್ತಿಯ ಅಳತೆಯೇ ಟಿಬಿಎನ್. ಹೊಸ ಆಯಿಲ್‌ನಲ್ಲಿ ಅದು ಸಾಮಾನ್ಯವಾಗಿ 10ರ ಆಸುಪಾಸು ಇರುತ್ತದೆ, ಇಲ್ಲಿ ಅರ್ಧ ಉಳಿದಿದೆ.

ಹಾಗಾಗಿ ಕೈ ಹಾಕಬೇಕಾದ್ದು ಗಾಳಿಯ ದಾರಿಗೆ. ಎಂಜಿನ್ ನಿಲ್ಲಿಸಿ, ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಪೈಪನ್ನು ಕಳಚಿ, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒಳಗೋಡೆಯನ್ನು ಒರೆಸಿ ನೋಡಿ. ಬಟ್ಟೆ ಕೆಂಪಾದರೆ ಕಳ್ಳ ಸಿಕ್ಕಂತೆ. ಸಡಿಲ ಕ್ಲಾಂಪ್, ಬಿರುಕು ಬಿಟ್ಟ ರಬ್ಬರ್ ಹೋಸ್, ಸರಿಯಾಗಿ ಕೂರದ ಫಿಲ್ಟರ್ ಸೀಲ್, ಇವೇ ಹೆಚ್ಚಿನ ಸಲ ಕಾರಣ. ಕಂಪ್ರೆಸರ್ ಗಾಳಿ ಹೊಡೆದು ಫಿಲ್ಟರ್ ಸ್ವಚ್ಛ ಮಾಡುವ ಅಭ್ಯಾಸವಂತೂ ಅಪಾಯಕಾರಿ. ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಿದ ಕಾಗದದಿಂದಲೂ ಧೂಳು ಒಳಗೆ ನುಗ್ಗುತ್ತದೆ.

ದೋಷ ಸರಿಪಡಿಸಿ, ಹೊಸ ಆಯಿಲ್ ತುಂಬಿಸಿ, 5,000 ಕಿ.ಮೀ. ಆದ ಮೇಲೆ ಮತ್ತೊಂದು ಸ್ಯಾಂಪಲ್ ಕಳಿಸಿ. ಈಗಿನ ಲೆಕ್ಕದಲ್ಲಿ ಸಾವಿರ ಕಿ.ಮೀ.ಗೆ ಸುಮಾರು 5.3 ಪಿಪಿಎಂ ಕಬ್ಬಿಣ ಸೇರಿದೆ. ಆ ವೇಗ ತಗ್ಗಿ, ಸಿಲಿಕಾನ್ ಕೂಡ ಇಳಿದರೆ ಚಿಕಿತ್ಸೆ ನಾಟಿದೆ. ಒಂದೇ ಸಲದ ರಕ್ತದೊತ್ತಡ ನೋಡಿ ಜೀವನಪೂರ್ತಿ ಮಾತ್ರೆ ಬರೆಯದ ಹಾಗೆ, ಒಂದೇ ವರದಿ ನೋಡಿ ಎಂಜಿನ್ ಇಳಿಸುವುದಿಲ್ಲ. ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲೂ ಲೋಕೋಗಳ ಆಯಿಲನ್ನು ಮತ್ತೆ ಮತ್ತೆ ಪರೀಕ್ಷಿಸಿ, ಏರಿಳಿತ ನೋಡಿಯೇ ನಿರ್ಧಾರಕ್ಕೆ ಬರುತ್ತಾರೆ.

ಒಂದು ಎಚ್ಚರಿಕೆ. ಲ್ಯಾಬಿನಲ್ಲಿ ಲೋಹ ಅಳೆಯುವ ಯಂತ್ರಕ್ಕೆ ಕಾಣುವುದು ಕೆಲವೇ ಮೈಕ್ರಾನ್ ಗಾತ್ರದ ಕಣಗಳು. ದೊಡ್ಡ ಚೂರುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಆಯಿಲ್ ಪ್ರೆಷರ್ ಬಿದ್ದರೆ ಅಥವಾ ಎಂಜಿನ್ ಬಡಿಯುವ ಸದ್ದು ಬಂದರೆ ವರದಿ ಚೆನ್ನಾಗಿದ್ದರೂ ಗಾಡಿ ನಿಲ್ಲಿಸಿ, ಹಳೆಯ ಆಯಿಲ್ ಫಿಲ್ಟರ್ ಕೊಯ್ದು ಲೋಹದ ಚೂರಿದೆಯೇ ನೋಡಿ.

ಸ್ಯಾಂಪಲನ್ನು ಬಿಸಿ ಎಂಜಿನ್‌ನಿಂದ, ಆಯಿಲ್ ಅರ್ಧ ಹರಿದ ಮೇಲೆ, ಒಣಗಿದ ಶುದ್ಧ ಬಾಟಲಿಗೆ ಹಿಡಿಯಿರಿ. ನಡುವೆ ಎಷ್ಟು ಲೀಟರ್ ಟಾಪ್‌ಅಪ್ ಮಾಡಿದ್ದಿರಿ ಎಂಬುದನ್ನೂ ಚೀಟಿಯಲ್ಲಿ ಬರೆಯಿರಿ. ಹಿಡಿಯುವ ಕ್ಲೀನರ್ ಹುಡುಗನಿಗೆ ಕೈಗವಸು ಕೊಡಿ. ಬಳಸಿದ ಆಯಿಲ್ ವರ್ಷಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರ್ ಬರುವ ಅಪಾಯವಿದೆ. ಕೈಯನ್ನು ಡೀಸೆಲ್‌ನಲ್ಲಿ ತೊಳೆಯಲು ಬಿಡಬೇಡಿ, ಸೋಪು ಕೊಡಿ.