ದೇವರೊಡನೆಯೂ ಸಹೋದರರೊಡನೆಯೂ ಅನ್ಯೋನ್ಯತೆ

ಓದತಕ್ಕ ಭಾಗಗಳು: 1 ಯೋಹಾನ 1ನೆಯ ಅಧ್ಯಾಯ; 1 ಕೊರಿಂಥ 11:17–34; ಗಲಾತ್ಯ 2:9–14.

ದೇವರ ಸಂಗಡ ನಮಗಿರುವ ಸಂಬಂಧವು ಒಂದು, ನೆರೆಮನೆಯ ಸಹೋದರನ ಸಂಗಡ ಇರುವ ಸಂಬಂಧವು ಮತ್ತೊಂದು ಎಂದು ನಮ್ಮಲ್ಲಿ ಅನೇಕರು ಎಣಿಸಿಕೊಂಡಿದ್ದಾರೆ. “ನಾನು ದಿನಾಲು ಪ್ರಾರ್ಥನೆ ಮಾಡುತ್ತೇನೆ, ಭಾನುವಾರ ತಪ್ಪದೆ ಆರಾಧನೆಗೆ ಬರುತ್ತೇನೆ, ಆದರೆ ಅವನ ಮನೆಯ ಹೊಸ್ತಿಲನ್ನು ಮಾತ್ರ ತುಳಿಯೆನು” ಎಂದು ಹೇಳುವವರುಂಟು. ಹೀಗೆ ಎರಡು ಭಾಗ ಮಾಡುವದು ಸರಿಯೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಮಾತಿನ ಅರ್ಥ

ಅನ್ಯೋನ್ಯತೆ ಎಂಬ ಮಾತಿನಲ್ಲಿಯೇ ‘ಒಬ್ಬರಿಗೊಬ್ಬರು’ ಎಂಬ ಅರ್ಥವಿದೆ. ಮೂಲ ಗ್ರೀಕ್ ಭಾಷೆಯಲ್ಲಿ ಇದಕ್ಕೆ ‘ಕೊಯಿನೋನಿಯ’ ಎಂದು ಹೆಸರು. ಒಂದೇ ವಸ್ತುವಿನಲ್ಲಿ ಅನೇಕರು ಪಾಲುಳ್ಳವರಾಗಿರುವದೇ ಅದರ ಭಾವ. ಜೆಬೆದಾಯನ ಮಕ್ಕಳು ಮೀನು ಹಿಡಿಯುವದರಲ್ಲಿ ಸೀಮೋನನ ಪಾಲುಗಾರರಾಗಿದ್ದರೆಂದು ಲೂಕನು 5:10ರಲ್ಲಿ ಬರೆಯುವಾಗ ಇದೇ ಮೂಲದಿಂದ ಬಂದ ಮಾತನ್ನು ಉಪಯೋಗಿಸುತ್ತಾನೆ. ಮಕೆದೋನ್ಯ ಅಖಾಯ ಸೀಮೆಗಳ ಸಭೆಗಳು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣಕ್ಕೆ ಪೌಲನು ರೋಮಾಪುರ 15:26ರಲ್ಲಿ ಈ ಮಾತನ್ನೇ ಹೇಳುತ್ತಾನೆ. ಕರ್ತನ ಪಾತ್ರೆಯಲ್ಲಿಯೂ ರೊಟ್ಟಿಯಲ್ಲಿಯೂ ನಮಗಿರುವ ಪಾಲಿಗೂ 1 ಕೊರಿಂಥ 10:16ರಲ್ಲಿ ಇದೇ ಮಾತು. ದೋಣಿ, ಹಣದ ಚೀಲ, ಪಾತ್ರೆ ಈ ಮೂರಕ್ಕೂ ಒಂದೇ ಮಾತು ಸಲ್ಲುವದಾದರೆ, ಅನ್ಯೋನ್ಯತೆಯು ಬರೀ ಮನಸ್ಸಿನ ಸಂತೋಷವಲ್ಲವೆಂದು ತಿಳಿಯತಕ್ಕದ್ದು.

ಒಕ್ಕಲಿಗರಾದ ನಮಗೆ ಮುಯ್ಯಾಳಿನ ಪದ್ಧತಿ ಗೊತ್ತು. ಇಂದು ನಾನು ನಿನ್ನ ಗದ್ದೆಯ ನಾಟಿಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಇದು ಒಳ್ಳೆಯದೇ. ಆದರೆ ಮುಯ್ಯಿ ತೀರಿಸಲಾರದ ವಿಧವೆಯನ್ನೂ ರೋಗಿಯನ್ನೂ ಈ ಲೆಕ್ಕವು ಹೊರಗೆ ಬಿಡುತ್ತದೆ. ಕ್ರಿಸ್ತನು ನಮಗೆ ಮಾಡಿದ ಉಪಕಾರಕ್ಕೆ ನಾವು ಮುಯ್ಯಿ ತೀರಿಸಿದ್ದುಂಟೋ? ಇಲ್ಲವಲ್ಲ. ಆದಕಾರಣ ಆತನ ಸಭೆಯಲ್ಲಿಯೂ ತೀರಿಸಲಾರದವನಿಗೆ ಪಾಲುಂಟು.

2. ಬೆಳಕಿನಲ್ಲಿ ನಡೆಯುವದು

ದೇವರೊಡನೆ ಅನ್ಯೋನ್ಯತೆಯನ್ನು ನಾವು ಸಂಪಾದಿಸಿಕೊಂಡವರಲ್ಲ. ತಂದೆಯು ತನ್ನ ಮಗನ ಮೂಲಕ ಅದನ್ನು ಉಚಿತವಾಗಿ ಕೊಟ್ಟನು. ಯೋಹಾನನು ತನ್ನ ಪತ್ರಿಕೆಯ ಮೊದಲನೆಯ ಅಧ್ಯಾಯದ 6ನೆಯ ವಚನದಲ್ಲಿ, ಕತ್ತಲೆಯಲ್ಲಿ ನಡೆಯುತ್ತಾ ದೇವರೊಡನೆ ಅನ್ಯೋನ್ಯತೆಯುಂಟೆಂದು ಹೇಳುವವನು ಸುಳ್ಳಾಡುವವನೆಂದು ತೋರಿಸುತ್ತಾನೆ. ಹಾಗಾದರೆ 7ನೆಯ ವಚನದಲ್ಲಿ, ಬೆಳಕಿನಲ್ಲಿ ನಡೆಯುವವನಿಗೆ ದೇವರೊಡನೆ ಅನ್ಯೋನ್ಯತೆಯುಂಟೆಂದು ಬರೆದಿರಬೇಕೆಂದು ನಾವು ನೆನಸುತ್ತೇವೆ. ಅಪೊಸ್ತಲನು ಹಾಗೆ ಬರೆಯದೆ, ಅಂಥವರಿಗೆ ಒಬ್ಬರ ಸಂಗಡಲೊಬ್ಬರಿಗೆ ಅನ್ಯೋನ್ಯತೆಯಿದೆ ಎನ್ನುತ್ತಾನೆ. ದೇವರ ಬಳಿಯಲ್ಲಿರುವದಕ್ಕೆ ಗುರುತು ಸಹೋದರನ ಬಳಿಯಲ್ಲಿರುವದೇ. ಅದೇ ವಚನದಲ್ಲಿ ಯೇಸುವಿನ ರಕ್ತದಿಂದಾಗುವ ಶುದ್ಧೀಕರಣವನ್ನೂ ಹೇಳಿರುವದರಿಂದ, ಈ ಅನ್ಯೋನ್ಯತೆಯು ತಪ್ಪಿಲ್ಲದವರ ಕೂಟವಲ್ಲ, ಕ್ಷಮೆ ಹೊಂದಿದವರ ಕೂಟವೆಂದು ಕಾಣುತ್ತದೆ.

3. ಕೆಟ್ಟುಹೋದ ಎರಡು ಪಂಕ್ತಿಗಳು

ಕೊರಿಂಥದಲ್ಲಿ ಸಭೆಯವರು ಕರ್ತನ ಭೋಜನಕ್ಕಾಗಿ ಕೂಡಿಬರುವಾಗ ಊಟವನ್ನೂ ಮಾಡುತ್ತಿದ್ದರು. ಉಳ್ಳವರು ತಮ್ಮ ಊಟವನ್ನು ತಾವೇ ಮುಂದಾಗಿ ತಿಂದು ಕುಡಿದು ಮತ್ತರಾದರು. ಇಲ್ಲದವರು ಹಸಿದು ನಾಚಿಕೊಂಡು ಕೂತರು. ಪೌಲನು ಇದನ್ನು ಕೇಳಿ, ಇದು ಕರ್ತನ ಭೋಜನವೇ ಅಲ್ಲವೆಂದನು. ಪ್ರಾರ್ಥನೆಯ ಮಾತುಗಳಲ್ಲಿ ತಪ್ಪಿತ್ತೆಂದು ಅವನು ಹೇಳಲಿಲ್ಲ. ಬಡವನನ್ನು ಹೊರಗಿಟ್ಟದ್ದೇ ತಪ್ಪು.

ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರಿಂದ ಬಂದ ವಿಶ್ವಾಸಿಗಳ ಸಂಗಡ ಊಟಮಾಡುತ್ತಿದ್ದನು. ಯಾಕೋಬನ ಕಡೆಯವರು ಬಂದ ಮೇಲೆ ಜನರ ಭಯದಿಂದ ಹಿಂದೆಗೆದನು. ಬಾರ್ನಬನೂ ಅದೇ ಕಪಟಕ್ಕೆ ಸೆಳೆಯಲ್ಪಟ್ಟನು. ಪೌಲನು ಎಲ್ಲರೆದುರಿಗೆ ಅವನನ್ನು ಆಕ್ಷೇಪಿಸಿದನು; ಯಾಕಂದರೆ ಪಂಕ್ತಿಯಲ್ಲಿ ಮಾಡಿದ ಭೇದವು ಸುವಾರ್ತೆಯ ಸತ್ಯಕ್ಕೇ ವಿರೋಧವಾಗಿತ್ತು.

4. ನಮ್ಮ ದೇಶದಲ್ಲಿ

ಇದು ದೂರದೇಶದ ಕಥೆ ಮಾತ್ರವಲ್ಲ. ತಂಜಾವೂರು ಮೊದಲಾದ ಸ್ಥಳಗಳ ಸಭೆಗಳಲ್ಲಿ ಕ್ರೈಸ್ತರೇ ಜಾತಿಗೆ ತಕ್ಕಂತೆ ಬೇರೆ ಬೇರೆ ಕೂತುಕೊಳ್ಳುತ್ತಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪರಾದ ಡೇನಿಯಲ್ ವಿಲ್ಸನ್‌ರವರು, ಸಭೆಯಲ್ಲಿ ಜಾತಿಭೇದವನ್ನು ತಡವಿಲ್ಲದೆ ಸಂಪೂರ್ಣವಾಗಿ ಬಿಟ್ಟುಬಿಡಬೇಕೆಂದು ಪತ್ರ ಬರೆದರು. ಅನೇಕರು ಇದಕ್ಕಾಗಿ ಸಭೆಯನ್ನೇ ಬಿಟ್ಟುಹೋದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರೂ, ದೀಕ್ಷಾಸ್ನಾನ ಹೊಂದುವವರು ಜಾತಿಯನ್ನು ಬಿಡಲೇಬೇಕೆಂದು ನಿಯಮವಿಟ್ಟರು. 1947ನೆಯ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಸಭೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆಯಾದವು.

ನಿಯಮವು ಬೆಂಚುಗಳನ್ನು ಕೂಡಿಸಬಹುದು, ಹೃದಯಗಳನ್ನು ಕೂಡಿಸಲಾರದು. ದೇವಾಲಯದಲ್ಲಿ ಒಂದೇ ಪಾತ್ರೆಯಿಂದ ಕುಡಿದು, ಮದುವೆಯ ಊಟದಲ್ಲಿ ಹಳೆಯ ಕುಲದ ಹೆಸರನ್ನು ವಿಚಾರಿಸುವವನು ಆ ಪಾತ್ರೆಯ ಅರ್ಥವನ್ನು ತಿಳಿದಿದ್ದಾನೋ?

5. ನಾವು ಮಾಡತಕ್ಕದ್ದು

ಜಾತಿಯ ಮಾತಲ್ಲದೆ, ಗದ್ದೆಯ ಬದು, ನೀರಿನ ಸರದಿ, ತೀರದ ಸಾಲ, ಕೋಪದಲ್ಲಿ ಆಡಿದ ಮಾತು ಇವುಗಳಿಂದಲೂ ಸಹೋದರರು ಅಗಲುತ್ತಾರೆ. ಹೀಗೆ ಅಗಲಿದವರು ಕೆಲವರು, “ನನ್ನ ಮನಸ್ಸು ಸರಿಯಿಲ್ಲ” ಎಂದು ವರುಷಗಟ್ಟಲೆ ಕರ್ತನ ಭೋಜನಕ್ಕೆ ಬಾರದೆ, ಅದನ್ನೇ ಭಕ್ತಿಯೆಂದು ಎಣಿಸುತ್ತಾರೆ. ಆದರೆ ಪೌಲನು 11:28ರಲ್ಲಿ, ಒಬ್ಬನು ತನ್ನನ್ನು ಪರೀಕ್ಷಿಸಿಕೊಂಡು ಆ ಮೇಲೆ ತಿನ್ನಲಿ ಎಂದು ಬೋಧಿಸುತ್ತಾನೆ. ಪರೀಕ್ಷಿಸಿಕೊಂಡು ದೂರವಿರಲಿ ಎಂದಲ್ಲ. ದೂರವಿರುವದರಿಂದ ಜಗಳವು ಬಾಡುವದಿಲ್ಲ, ಬೇರೂರುತ್ತದೆ.

ಕರ್ತನು ಮತ್ತಾಯ 5:23–24ರಲ್ಲಿ ಮಾರ್ಗವನ್ನು ತೋರಿಸಿದ್ದಾನೆ. ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗಬೇಕು. ಆ ಮೇಲೆ ಬಂದು ಅರ್ಪಿಸಬೇಕು. ಆದದರಿಂದ ಕರ್ತನ ಭೋಜನದ ಭಾನುವಾರಕ್ಕೆ ಮುಂಚಿನ ವಾರದಲ್ಲಿಯೇ ಹೋಗಿರಿ. ಪಂಚಾಯಿತಿ ಕೂಡಿಸುವದಕ್ಕೆ ಮೊದಲು ಒಬ್ಬರೇ ಹೋಗಿರಿ. ತಪ್ಪು ನಿಮ್ಮದಾದರೆ ಅದನ್ನು ಹೆಸರಿಟ್ಟು ಒಪ್ಪಿಕೊಳ್ಳಿರಿ, ಕೊಡತಕ್ಕದ್ದಿದ್ದರೆ ಕೊಟ್ಟುಬಿಡಿರಿ. ತಪ್ಪು ಅವನದಾದರೆ, ಏನೂ ಆಗಲಿಲ್ಲವೆಂದು ನಟಿಸಬೇಕಾದದ್ದಿಲ್ಲ. ಬೆಳಕಿನಲ್ಲಿ ನಡೆಯುವದೆಂದರೆ ಸತ್ಯವನ್ನು ಪ್ರೀತಿಯಿಂದ ಹೇಳುವದೂ ಆಗಿದೆ. ಅವನು ಒಪ್ಪದೆಹೋದರೆ? ನಿಮ್ಮಿಂದಾಗುವಮಟ್ಟಿಗೆ ಸಮಾಧಾನವಾಗಿರ್ರಿ ಎಂಬದೇ ರೋಮಾಪುರ 12:18ರ ಬೋಧನೆಯ ಭಾವ. ಬಾಗಿಲನ್ನು ನಿಮ್ಮ ಕಡೆಯಿಂದ ಮುಚ್ಚದೆ, ಭೋಜನಕ್ಕೆ ಬನ್ನಿರಿ.

ವಿಚಾರಿಸತಕ್ಕ ಪ್ರಶ್ನೆಗಳು

1. ಕೊರಿಂಥದವರ ಭೋಜನವು ಯಾವ ಕಾರಣದಿಂದ ಕರ್ತನ ಭೋಜನವಲ್ಲದೆ ಹೋಯಿತು?
2. ಪೇತ್ರನನ್ನು ಪಂಕ್ತಿಯಿಂದ ಹಿಂದಕ್ಕೆ ಎಳೆದದ್ದು ಯಾವದು? ನಮ್ಮನ್ನು ಎಳೆಯುವದು ಯಾವದು?
3. ನಮ್ಮ ಸಭೆಯಲ್ಲಿ ಮುಯ್ಯಿ ತೀರಿಸಲಾರದವರು ಯಾರು? ಈ ಬಿತ್ತನೆಯ ಕಾಲದಲ್ಲಿ ಅವರಿಗೆ ಯಾರು ಹೋಗುವರು?
4. ಮುಂದಿನ ಭೋಜನಕ್ಕೆ ಮುಂಚೆ ನಾನು ಯಾರ ಮನೆಗೆ ಹೋಗಬೇಕು?

ಕೊನೆಯ ಪ್ರಶ್ನೆಗೆ ಸಭೆಯಲ್ಲಿ ಗಟ್ಟಿಯಾಗಿ ಉತ್ತರ ಹೇಳಬೇಕಾದದ್ದಿಲ್ಲ. ಪ್ರತಿಯೊಬ್ಬನೂ ದೇವರ ಮುಂದೆ ಆ ಹೆಸರನ್ನು ಹೇಳಿಕೊಂಡು, ಎದ್ದು ಹೋಗಲಿ.