ಕಂಡದ್ದನ್ನು ಕಂಡಂತೆ ಉಳಿಸುವುದು: ಲ್ಯಾಪ್‌ಟಾಪಿನ ಸ್ಕ್ರೀನ್‌ಶಾಟ್ ಮತ್ತು ನಾಲ್ಕನೆಯ ಶೀಲ





ಇಂದಿನ ಅಧ್ಯಯನಕ್ಕೆ ಸುತ್ತವೊಂದರ ಬದಲು ಲ್ಯಾಪ್‌ಟಾಪಿನ ಕೀಬೋರ್ಡನ್ನು ಎತ್ತಿಕೊಂಡಿದ್ದೇನೆ. ಮಕ್ಕಳು ಕಾಲೇಜಿಗೆ ಹೋಗುತ್ತಿರುವ ನಮ್ಮ ಎಷ್ಟೋ ಮನೆಗಳಿಗೆ ಈಗ ಲ್ಯಾಪ್‌ಟಾಪ್ ಬಂದಿದೆ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಕಟ್ಟಿದ ಶುಲ್ಕ, ಜಾತಿ ಪ್ರಮಾಣಪತ್ರದ ಸಂಖ್ಯೆ ಎಲ್ಲವೂ ಪರದೆಯ ಮೇಲೆ ಬರುತ್ತವೆ, ಪರದೆಯ ಮೇಲೇ ಮಾಯವಾಗುತ್ತವೆ. ಮಾಯವಾಗುವ ಮುನ್ನ ಅದನ್ನು ಹಿಡಿದಿಡುವುದು ಹೇಗೆ, ಹಿಡಿದಿಟ್ಟ ಮೇಲೆ ಅದನ್ನು ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಇಂದಿನ ಪಾಠ.

*ದಾಖಲೆ ಏಕೆ ಬೇಕು?*

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದು ನಮಗೆಲ್ಲ ಬಾಯಿಪಾಠ. ಅದರ ಮುಂದಿನ ಹತ್ತು ವರ್ಷಗಳ ಕಥೆ ಅಷ್ಟಾಗಿ ನೆನಪಿರುವುದಿಲ್ಲ. ಸವರ್ಣೀಯರು ಕೋರ್ಟಿಗೆ ಹೋದರು. ಕೆರೆ ತಮ್ಮದು, ಅಸ್ಪೃಶ್ಯರನ್ನು ಅದರಿಂದ ದೂರ ಇಡುವುದು ಹಿಂದಿನಿಂದ ಬಂದ ರೂಢಿ ಎಂದು ವಾದಿಸಿದರು. ಆ ರೂಢಿ ಅನಾದಿ ಕಾಲದ್ದೆಂದು ಸಾಬೀತಾಗಿಲ್ಲ ಎಂದು 1937ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಕೆರೆಯ ದಡದಲ್ಲಿ ಬೇಕಾದದ್ದು ಧೈರ್ಯ. ಕೋರ್ಟಿನಲ್ಲಿ ಎಲ್ಲವೂ ಪುರಾವೆಯ ಮೇಲೆ ನಿಂತಿತ್ತು.

ನಮ್ಮ ಊರುಗಳಲ್ಲೂ ಇದು ಹೊಸದಲ್ಲ. ಅಜ್ಜನಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನು ಕೈತಪ್ಪಿ, 1978ರ ಪಿಟಿಸಿಎಲ್ ಕಾಯ್ದೆಯಡಿ ಅದನ್ನು ಮರಳಿ ಕೇಳಲು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ, "ಮಂಜೂರಾತಿ ಪತ್ರ ಎಲ್ಲಿ?" ಓದು ಬರಹ ಬಾರದ ಆ ತಲೆಮಾರು ಕಾಗದವನ್ನು ಕಾಪಾಡಿಕೊಳ್ಳಲು ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿ ಇಡುತ್ತಿತ್ತು. ನಮ್ಮ ಕಾಲದ ಟ್ರಂಕು ಲ್ಯಾಪ್‌ಟಾಪು. ಅದರ ಬೀಗ ತೆಗೆಯುವುದು ಹೇಗೆಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

*ತೆಗೆಯುವ ಕ್ರಮ*

1. ಇಡೀ ಪರದೆ ಬೇಕಿದ್ದರೆ: ಕೀಬೋರ್ಡಿನ ಕೆಳಸಾಲಿನಲ್ಲಿ ನಾಲ್ಕು ಚೌಕಗಳ ಗುರುತಿರುವುದು ವಿಂಡೋಸ್ ಕೀ. ಮೇಲಿನ ಸಾಲಿನಲ್ಲಿ ಸಾಮಾನ್ಯವಾಗಿ ಬಲಗಡೆ ಇರುವುದು ಪ್ರಿಂಟ್ ಸ್ಕ್ರೀನ್ ಕೀ. ಎರಡನ್ನೂ ಒಟ್ಟಿಗೆ ಒತ್ತಿ. ಪರದೆ ಒಂದು ಕ್ಷಣ ಮಬ್ಬಾಗುತ್ತದೆ. ಚಿತ್ರವು ಪಿಕ್ಚರ್ಸ್ ಫೋಲ್ಡರಿನ ಒಳಗೆ ಸ್ಕ್ರೀನ್‌ಶಾಟ್ಸ್ ಎಂಬ ಫೋಲ್ಡರಿನಲ್ಲಿ ಕುಳಿತಿರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಇವುಗಳ ಜೊತೆಗೆ ಎಫ್‌ಎನ್ ಕೀಯನ್ನೂ ಒತ್ತಬೇಕಾಗುತ್ತದೆ.

2. ಒಂದು ಭಾಗ ಮಾತ್ರ ಬೇಕಿದ್ದರೆ: ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ. ಮೌಸ್ ಎಳೆದು ಬೇಕಾದ ಭಾಗವನ್ನು ಗುರುತಿಸಿ. ಹಳೆಯ ವಿಂಡೋಸ್‌ನಲ್ಲಿ ಈ ಚಿತ್ರ ತಾನಾಗಿ ಫೈಲ್ ಆಗುವುದಿಲ್ಲ, ಕ್ಲಿಪ್‌ಬೋರ್ಡಿನಲ್ಲಿ ಮಾತ್ರ ಇರುತ್ತದೆ. ಕ್ಲಿಪ್‌ಬೋರ್ಡ್ ಎಂದರೆ ಸ್ಲೇಟಿನಂತೆ; ಇನ್ನೊಂದನ್ನು ಕಾಪಿ ಮಾಡಿದ ಕೂಡಲೇ ಹಿಂದಿನದರ ಜಾಗವನ್ನು ಅದು ಹಿಡಿಯುತ್ತದೆ. ಅನಿಚ್ಚವನ್ನು ಮಕ್ಕಳಿಗೆ ತೋರಿಸಲು ಒಳ್ಳೆಯ ಉದಾಹರಣೆ! ಆದ್ದರಿಂದ ತಕ್ಷಣ ಪೇಂಟ್ ಅಥವಾ ವರ್ಡ್ ತೆರೆದು, ಕಂಟ್ರೋಲ್ ಮತ್ತು ವಿ ಒತ್ತಿ ಅಂಟಿಸಿ, ಸೇವ್ ಮಾಡಿ.

3. ಆ್ಯಪಲ್ ಲ್ಯಾಪ್‌ಟಾಪ್ ಆಗಿದ್ದರೆ: ಕಮಾಂಡ್, ಶಿಫ್ಟ್ ಮತ್ತು 3 ಒತ್ತಿದರೆ ಇಡೀ ಪರದೆ, 3ರ ಬದಲು 4 ಒತ್ತಿದರೆ ನಾವು ಆರಿಸಿದ ಭಾಗ. ಚಿತ್ರ ಡೆಸ್ಕ್‌ಟಾಪಿನ ಮೇಲೆ ಬರುತ್ತದೆ.

4. ಪುಟ ಉದ್ದವಾಗಿದ್ದು ಒಂದು ಪರದೆಯಲ್ಲಿ ಹಿಡಿಸದಿದ್ದರೆ: ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಪಿ ಒತ್ತಿ, ಪ್ರಿಂಟರಿನ ಜಾಗದಲ್ಲಿ "ಸೇವ್ ಆ್ಯಸ್ ಪಿಡಿಎಫ್" ಆರಿಸಿಕೊಳ್ಳಿ.

ಅರ್ಜಿ, ಹಣ ಪಾವತಿಯಂಥ ವಿಷಯಗಳಿಗೆ ಮೊದಲನೆಯ ಕ್ರಮವನ್ನೇ ಬಳಸಿ. ಇಡೀ ಪರದೆ ತೆಗೆದಾಗ ಮೇಲೆ ಜಾಲತಾಣದ ವಿಳಾಸವೂ ಕೆಳಗೆ ಮೂಲೆಯಲ್ಲಿ ತಾರೀಖು, ಗಂಟೆಯೂ ಬರುತ್ತವೆ. ಬರೀ ಸಂಖ್ಯೆಯಷ್ಟನ್ನೇ ಕತ್ತರಿಸಿ ಇಟ್ಟರೆ ಅದು ಎಲ್ಲಿಯದು, ಯಾವಾಗಿನದು ಎಂದು ಆರು ತಿಂಗಳ ಮೇಲೆ ನಮಗೇ ತಿಳಿಯುವುದಿಲ್ಲ. ಫೈಲಿಗೆ ತಾರೀಖು ಮತ್ತು ವಿಷಯ ಸೇರಿಸಿ ಹೆಸರು ಕೊಡಿ. ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೋ ಇಮೇಲ್‌ನಲ್ಲೋ ಇಡಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೊನೆಯ ದಿನಾಂಕದಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಿದಳು. ಸ್ವೀಕೃತಿ ಸಂಖ್ಯೆ ಪರದೆಯ ಮೇಲೆ ಬಂತು, ರಸೀದಿ ಮಾತ್ರ ಡೌನ್‌ಲೋಡ್ ಆಗಲಿಲ್ಲ. ಅವಳು ಆ ಪರದೆಯನ್ನು ಇದ್ದ ಹಾಗೆ ತೆಗೆದಿಟ್ಟುಕೊಂಡಳು. ಎರಡು ತಿಂಗಳ ನಂತರ ಕಚೇರಿಯಲ್ಲಿ "ನಿನ್ನ ಅರ್ಜಿ ಬಂದೇ ಇಲ್ಲಮ್ಮ" ಎಂದರು. ಅವಳು ಜಗಳಕ್ಕೆ ಹೋಗಲಿಲ್ಲ, ಅಳಲಿಲ್ಲ. ಮುದ್ರಿಸಿದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಆ ಸಂಖ್ಯೆ ಹಾಕಿ ಹುಡುಕಿದಾಗ ಅರ್ಜಿ ಸಿಕ್ಕಿತು. ಕೂಲಿ ಮಾಡುವ ತಾಯಿಯ ಮಗಳಿಗೆ ಆ ವರ್ಷದ ಓದು ಉಳಿದದ್ದು ಒಂದು ಹಾಳೆಯಿಂದ.

*ಇನ್ನು ಶೀಲದ ಮಾತು*

ಧಮ್ಮದಲ್ಲಿ ಯಥಾಭೂತ ಎಂಬ ಪದವಿದೆ. ಇರುವುದನ್ನು ಇರುವ ಹಾಗೆ ಕಾಣುವುದು ಎಂದರ್ಥ. ಸ್ಕ್ರೀನ್‌ಶಾಟ್ ಕೂಡ ಅದನ್ನೇ ಮಾಡುತ್ತದೆ ಎಂದು ನಾವು ನಂಬುತ್ತೇವೆ. ಬಾಯಿಮಾತಾದರೆ "ನಿಜವೇ?" ಎಂದು ಕೇಳುವವರು, ಚಿತ್ರ ತೋರಿಸಿದರೆ ತೆಪ್ಪಗಾಗುತ್ತಾರೆ. ಅಪಾಯ ಇರುವುದು ಅಲ್ಲಿಯೇ.

ಒಂದು ಸಾಮಾನ್ಯ ಸಂಗತಿ ನೋಡಿ. ನಮ್ಮ ಸಂಘದ ಒಬ್ಬರು ಗುಂಪಿನಲ್ಲಿ ಹೀಗೆ ಬರೆಯುತ್ತಾರೆ: "ಈ ಸಲ ಜಯಂತಿಗೆ ನಾನು ಹಣ ಕೊಡುವುದಿಲ್ಲ. ಆ ಹಣದಲ್ಲಿ ಇಬ್ಬರು ಮಕ್ಕಳ ಹಾಸ್ಟೆಲ್ ಶುಲ್ಕ ಕಟ್ಟುತ್ತೇನೆ." ಇನ್ನೊಬ್ಬರು ಮೊದಲ ವಾಕ್ಯವನ್ನಷ್ಟೇ ಕತ್ತರಿಸಿ ಬೇರೆ ಗುಂಪಿಗೆ ಹಾಕುತ್ತಾರೆ. ಒಂದಕ್ಷರವನ್ನೂ ತಿದ್ದಿಲ್ಲ, ಆದರೂ ಹೇಳಿದ್ದು ಸುಳ್ಳು. ಸಂಜೆಯ ಹೊತ್ತಿಗೆ ಇಪ್ಪತ್ತು ವರ್ಷ ಜೊತೆಗೆ ನೀಲಿ ಬಾವುಟ ಹಿಡಿದವರು ಮಾತು ಬಿಡುತ್ತಾರೆ.

ಮುಸಾವಾದ ಬಿಡುತ್ತೇನೆ ಎಂದು ನಾಲ್ಕನೆಯ ಶೀಲದಲ್ಲಿ ನಾವು ದಿನವೂ ಹೇಳುತ್ತೇವೆ. ಅಷ್ಟಾಂಗ ಮಾರ್ಗದ ಸಮ್ಯಕ್ ವಾಣಿಯಲ್ಲಿ ಸುಳ್ಳಿನ ಜೊತೆಗೇ ಚಾಡಿಯನ್ನೂ ಬಿಡಬೇಕೆಂದಿದೆ. ಇಲ್ಲಿ ಕೇಳಿದ್ದನ್ನು ಅಲ್ಲಿ ಹೇಳಿ, ಅಲ್ಲಿ ಕೇಳಿದ್ದನ್ನು ಇಲ್ಲಿ ಹೇಳಿ ಜನರನ್ನು ಒಡೆಯುವುದೇ ಚಾಡಿ. ಕತ್ತರಿಸಿದ ಸ್ಕ್ರೀನ್‌ಶಾಟ್ ಅದರ ಹೊಸ ರೂಪ. ಜಾತಿ ನಮ್ಮನ್ನು ಒಡೆದದ್ದು ಸಾಲದೇ? ನಮ್ಮ ಕೈಯಾರೆ ಸಂಘವನ್ನು ಏಕೆ ಒಡೆಯಬೇಕು?

ಕತ್ತರಿಸದ ಚಿತ್ರವೂ ಸುಳ್ಳಾಗಬಹುದು. ಬ್ರೌಸರಿನಲ್ಲಿ ತೆರೆದ ಪುಟದ ಅಕ್ಷರಗಳನ್ನು ತನ್ನ ಪರದೆಯ ಮಟ್ಟಿಗೆ ಯಾರು ಬೇಕಾದರೂ ಬದಲಿಸಿ ಚಿತ್ರ ತೆಗೆಯಬಹುದು. ಅದು ಸುಳ್ಳು ಪುಟದ ನಿಜವಾದ ಚಿತ್ರ! ಬಾಬಾಸಾಹೇಬರ ಭಾವಚಿತ್ರದ ಪಕ್ಕ ಅವರು ಆಡದ ಮಾತು ಬರೆದು ಹಂಚುವುದನ್ನೂ ನೋಡಿದ್ದೇವೆ. ಅವರ ಬರಹ ಮತ್ತು ಭಾಷಣಗಳ ಸಂಪುಟಗಳನ್ನು ಮಹಾರಾಷ್ಟ್ರ ಸರ್ಕಾರ 1979ರಿಂದ ಪ್ರಕಟಿಸುತ್ತಾ ಬಂದಿದೆ, ಕನ್ನಡದಲ್ಲೂ ಸಂಪುಟಗಳಿವೆ. "ಯಾವ ಸಂಪುಟ, ಯಾವ ಪುಟ?" ಎಂದು ಕೇಳುವುದು ಅಗೌರವವಲ್ಲ. ಕೇಳಿಬಂದ ಮಾತೆಂದೋ, ಹೇಳಿದವರು ದೊಡ್ಡವರೆಂದೋ ಒಪ್ಪಿಬಿಡಬೇಡಿ ಎಂದು ಬುದ್ಧರು ಕಾಲಾಮರಿಗೆ ಹೇಳಿದ್ದು ಚಿತ್ರಕ್ಕೂ ಅನ್ವಯಿಸುತ್ತದೆ.

*ಜಾತಿ ನಿಂದನೆ ಕಂಡಾಗ*

ಪರದೆಯ ಮೇಲೆ ನಮ್ಮವರನ್ನು ಜಾತಿ ಹಿಡಿದು ಬೈದದ್ದು ಕಂಡರೆ ರಕ್ತ ಕುದಿಯುತ್ತದೆ, ಕೂಡಲೇ ಹತ್ತು ಗುಂಪಿಗೆ ಕಳಿಸುವ ಆತುರ ಬರುತ್ತದೆ. ಒಂದು ಉಸಿರು ನಿಲ್ಲಿ. ಕಳಿಸಿದಷ್ಟೂ ಬೈಗುಳ ಬೆಳೆಯುತ್ತದೆ. ಇಡೀ ಪರದೆ ತೆಗೆಯಿರಿ. ಬರೆದವರ ಖಾತೆಯ ಹೆಸರು, ದಿನಾಂಕ, ಹಿಂದುಮುಂದಿನ ಮಾತುಗಳು ಅದರಲ್ಲಿರಲಿ. ಪುಟದ ವಿಳಾಸ ಬರೆದಿಟ್ಟುಕೊಳ್ಳಿ. ಸಂದೇಶ ನಿಮಗೇ ಬಂದಿದ್ದರೆ ಮೂಲವನ್ನು ಅಳಿಸಬೇಡಿ, ಅದು ಬಂದ ಸಾಧನವನ್ನು ಜೋಪಾನ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ನಿಗದಿತ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ. ಆದ್ದರಿಂದ ಬರೀ ಚಿತ್ರವನ್ನು ನೆಚ್ಚಿ ಕೂರದೆ ಬೇಗ ವಕೀಲರನ್ನು ಕಂಡು, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡುವ ಬಗ್ಗೆ ಕೇಳಿ.

*ಇಂದಿನ ಅಭ್ಯಾಸ*

ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸ್ಕ್ರೀನ್‌ಶಾಟ್ ತೆಗೆದು, ಹೆಸರು ಕೊಟ್ಟು, ಮತ್ತೆ ಹುಡುಕಿ ತೆರೆಯಿರಿ. ಯಾವುದೇ ಚಿತ್ರವನ್ನು ಮುಂದಕ್ಕೆ ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ:

ಇದು ಪೂರ್ತಿಯಾಗಿದೆಯೇ?
ಇದು ನಿಜವೆಂದು ನಾನು ಪರೀಕ್ಷಿಸಿದ್ದೇನೆಯೇ?
ಇದರಿಂದ ಯಾರಿಗೆ ಹಿತ, ಯಾರಿಗೆ ನೋವು?

ಆಧಾರ್ ಸಂಖ್ಯೆ, ಫೋನ್ ನಂಬರ್, ಬ್ಯಾಂಕ್ ಖಾತೆ ಕಾಣುತ್ತಿದ್ದರೆ ಕಳಿಸುವ ಪ್ರತಿಯಲ್ಲಿ ಗಟ್ಟಿ ಕಪ್ಪು ಚೌಕದಿಂದ ಮುಚ್ಚಿ. ಹೈಲೈಟರ್ ಪೆನ್ನಿನಿಂದ ಬಳಿದರೆ ಅಕ್ಷರ ಅಡಿಯಲ್ಲಿ ಉಳಿದೇ ಇರುತ್ತದೆ. ಮೂಲ ಚಿತ್ರವನ್ನು ಮುಟ್ಟದೆ ಹಾಗೇ ಇಡಿ.

ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಆ ಚಿತ್ರ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.