ಬಿಸಿನೀರಿನ ಅಪಸ್ಮಾರ ಮತ್ತು ವಂಶದ ಅಂಜಿಕೆ

ಪ್ರಶ್ನೆ: ಡಾಕ್ಟರೇ, ಎಣ್ಣೆನೀರಿನ ದಿನ ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ನನ್ನ ಮಗನಿಗೆ ಫಿಟ್ಸ್ ಬರುತ್ತದೆ. ನಮ್ಮ ತಂದೆಯವರಿಗೂ ಹೀಗೆಯೇ ಬರುತ್ತಿತ್ತು. ನನಗೆ ಎಂದೂ ಬಂದಿಲ್ಲ. ಸಂಗತಿ ತಿಳಿದ ಮೇಲೆ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಇದು ವಂಶದಲ್ಲಿ ಬರುವ ರೋಗವೇ? ಚಿಕಿತ್ಸೆ ಉಂಟೇ?
– ಓರ್ವ ತಂದೆ, ಮಂಡ್ಯ ಜಿಲ್ಲೆ

ಉತ್ತರ: ಕಣ್ಣು ಮಂಜಾಗಿ, ಮಾತು ತೊದಲಿ, ಸುತ್ತಲಿನ ಪರಿವೆಯೇ ತಪ್ಪುತ್ತಿದ್ದರೂ ಕೈ ಮಾತ್ರ ಹಂಡೆಯಿಂದ ಚೊಂಬು ಚೊಂಬು ನೀರನ್ನು ಮೊಗೆದು ಹುಯ್ಯುತ್ತಲೇ ಇರುವಂತೆ ಕೆಲವರಲ್ಲಿ ಕಾಣಿಸಿಕೊಳ್ಳುವ ಈ ವ್ಯಾಧಿಯು 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲು ವರದಿಯಾಯಿತಾದರೂ, ಲೋಕದಲ್ಲಿ ಇದು ಹೆಚ್ಚಾಗಿ ಕಂಡುಬರುವ ಪ್ರದೇಶಗಳಲ್ಲಿ ನಮ್ಮ ದಕ್ಷಿಣ ಕರ್ನಾಟಕವೂ ಒಂದಾದುದರಿಂದ, ಇದರ ಆಳವಾದ ಅಧ್ಯಯನವು ಬೆಂಗಳೂರಿನಲ್ಲಿಯೇ ಡಾ. ಕೆ. ಎಸ್. ಮಣಿಯವರಿಂದಲೂ ತರುವಾಯ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರಿಂದಲೂ ನಡೆಯಿತು.

ಬಹುಪಾಲು ರೋಗಿಗಳ ಮನೆತನದಲ್ಲಿ ಇನ್ನಾರಿಗೂ ಈ ಬಾಧೆ ಇರದು. ಆದರೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಕುಟುಂಬಗಳೂ ಉಂಟು. ಅಂತಹವರ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಅನುರಂಜನ್ ಆನಂದ್ ಮತ್ತು ಅವರ ಸಹೋದ್ಯೋಗಿಗಳು ಡಾ. ಸತೀಶ್ಚಂದ್ರ ಅವರೊಡಗೂಡಿ 2009ರಲ್ಲಿ ಪ್ರಕಟಿಸಿದ ಲೇಖನಗಳು, ಕೆಲವು ಕುಟುಂಬಗಳಲ್ಲಿ ಈ ಪ್ರವೃತ್ತಿಯ ನೆಲೆಯು 10ನೆಯ ವರ್ಣತಂತುವಿನಲ್ಲಿಯೂ ಮತ್ತೆ ಕೆಲವರಲ್ಲಿ 4ನೆಯದರಲ್ಲಿಯೂ ಇದೆಯೆಂದು ತೋರಿಸಿದುವು. ಮುಂದೆ, ನರಕೋಶಗಳನ್ನು ಉದ್ರೇಕಗೊಳಿಸುವ ಗ್ಲುಟಮೇಟ್ ಎಂಬ ವಸ್ತುವನ್ನು ಕೋಶದೊಳಕ್ಕೆ ಹಿಂದೆಗೆದುಕೊಳ್ಳುವ ಪ್ರೋಟೀನಿನ ವಂಶವಾಹಿಯಲ್ಲಿಯೂ ಕೆಲವು ರೋಗಿಗಳಲ್ಲಿ ವಿರಳವಾದ ಮಾರ್ಪಾಟುಗಳು ಕಂಡುಬಂದುವು. ಆದುದರಿಂದ ಇದಕ್ಕೆ ಒಂದೇ ವಂಶವಾಹಿಯನ್ನು ಹೊಣೆಮಾಡಲಾಗದು. ಗ್ರಹಚಾರವನ್ನಾಗಲಿ ಹಿರಿಯರ ಪಾಪವನ್ನಾಗಲಿ ಹೊಣೆಮಾಡುವುದಂತೂ ಸಲ್ಲದು.

ತಮ್ಮ ಮನೆತನದಲ್ಲಿಯೂ ಇದು ಪ್ರಬಲ, ಎಂದರೆ ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕಾಗುವ, ವಂಶವಾಹಿಯ ಮೂಲಕ ಬಂದುದಾದರೆ, ತಂದೆಗೂ ಮಗನಿಗೂ ನಡುವೆ ಇರುವ ತಾವು ಅದನ್ನು ಹೊತ್ತೂ ನಿರೋಗಿಗಳಾಗಿ ಬಾಳಿದ್ದೀರಿ ಎಂದಾಗುತ್ತದೆ. ತಮ್ಮ ಮಗಳಿಗೆ ಅದು ಬಂದಿರುವ ಸಂಭವ ಎರಡರಲ್ಲಿ ಒಂದು, ಆಕೆಯ ಮಗುವಿಗೆ ನಾಲ್ಕರಲ್ಲಿ ಒಂದು. ಹೊತ್ತವರಿಗೆಲ್ಲ ರೋಗ ಬಂದೇ ಬರುವುದೆಂಬ ನಿಯಮವಿಲ್ಲವೆಂಬುದಕ್ಕೆ ಆಗ ತಾವೇ ನಿದರ್ಶನ.

ಚಿಕಿತ್ಸೆಯಂತೂ ಉಂಟು. ಮಗನು ಉಗುರುಬೆಚ್ಚನೆಯ ನೀರನ್ನೇ ಬಳಸಲಿ, ನೀರನ್ನು ತಲೆಯ ಮೇಲೆ ಒಂದೇ ಸಮನೆ ಸುರಿದುಕೊಳ್ಳದಿರಲಿ, ಬಚ್ಚಲುಮನೆಯ ಅಗುಳಿ ಹಾಕದಿರಲಿ. ಇಷ್ಟರಿಂದ ನಿಲ್ಲದಿದ್ದರೆ, ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆಯನ್ನು ನರರೋಗ ತಜ್ಞರು ಸೂಚಿಸಿದ ಪ್ರಮಾಣದಲ್ಲಿ ಕೊಡುವುದುಂಟು. ಸ್ನಾನವಿಲ್ಲದ ವೇಳೆಯಲ್ಲಿಯೂ ಫಿಟ್ಸ್ ಬರತೊಡಗಿದವರಿಗೆ ಮಾತ್ರ ನಿತ್ಯದ ಔಷಧಿ ಬೇಕಾಗುತ್ತದೆ. ಬಂದಾಗ ಮಗ್ಗುಲಿಗೆ ಹೊರಳಿಸಿ ಮಲಗಿಸಿರಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಬಿಡುವುದು ಬೇಡ.

ಮಗಳ ವಿಷಯದಲ್ಲಿ ತಾವು ತಲೆತಗ್ಗಿಸಬೇಕಾದುದಿಲ್ಲ. ಹಿಂದೂ ವಿವಾಹ ಕಾಯಿದೆಯು ಅಪಸ್ಮಾರವುಳ್ಳವರ ಮದುವೆಗೇ ಒಡ್ಡಿದ್ದ ಅಡ್ಡಿಯನ್ನು ನಮ್ಮ ಸಂಸತ್ತು 1999ರಲ್ಲಿ ತೆಗೆದುಹಾಕಿತು. ರೋಗವೇ ಇಲ್ಲದ ಆಕೆಯನ್ನು ಅಣ್ಣನ ರೋಗಕ್ಕಾಗಿ ನಿರಾಕರಿಸುವುದು ಶಾಸ್ತ್ರಕ್ಕೂ ನ್ಯಾಯಕ್ಕೂ ಒಪ್ಪುವ ಮಾತಲ್ಲ. ಮುಂದೆ ಬರುವವರಿಗೆ ಸಂಗತಿಯನ್ನು ಮುಚ್ಚಿಡದೆ ತಿಳಿಸಿರಿ. ಶಂಕೆ ಉಳಿದರೆ ಅವರನ್ನು ತಮ್ಮ ಮಗನ ವೈದ್ಯರಲ್ಲಿಗೇ ಕರೆದೊಯ್ದು ಕೇಳಿಸಿರಿ.